ತಮ್ಮ ಕೊಟ್ಟ ಮುಡಿ

ಒಂದು ವರ್ಷದೊಳಗೆ ನನ್ನ ಹೃದಯಕ್ಕೆ ಮೂರು ಸಲ ಕೈ ಹಾಕಿದರು. ಹಾಕಿದವರು ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಯೊಂದರ ಡಾಕ್ಟರುಗಳು. ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಎಲ್ಲಿ ತೂತು ಮಾಡುತ್ತೇವೆ, ಎಷ್ಟು ನೋಯುತ್ತದೆ, ಎಷ್ಟು ಹೊತ್ತು ಅಲುಗಾಡಬಾರದು ಎಂದು ಮೊದಲು ಹೇಳಿ ಆಮೇಲೆ ಮಾಡಿದರು. ನನ್ನ ಸಿಟ್ಟೆಲ್ಲ ಇರುವುದು ನನ್ನನ್ನು ಪ್ರೀತಿಸುವವರ ಮೇಲೆ. ಪ್ರೀತಿಸುವವರು ಯಾವುದನ್ನೂ ಹೇಳಿ ಮಾಡುವುದಿಲ್ಲ.

ನಾನು ಕೊಪ್ಪದಲ್ಲಿ ಬ್ಲೌಸ್ ಹೊಲಿಯುವವಳು. ಬಸ್‌ಸ್ಟ್ಯಾಂಡಿನಿಂದ ಮೇಲಕ್ಕೆ ಹತ್ತುವ ರಸ್ತೆಯಲ್ಲಿ ನನ್ನ ಒಂದು ಕೋಣೆಯ ಅಂಗಡಿ. ಯಜಮಾನರು ಗುಮಾಸ್ತರಾಗಿದ್ದು ನಿವೃತ್ತರಾದವರು. ನಮಗೆ ಮಕ್ಕಳಿಲ್ಲ. ಅಮ್ಮ ಎನ್.ಆರ್. ಪುರದಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಳು. ಎಲ್ಲರ ಬಾಯಲ್ಲೂ ಅದು ಎನ್.ಆರ್. ಪುರವೇ, ನರಸಿಂಹರಾಜಪುರ ಎಂದು ಪೂರ್ತಿ ಹೇಳುತ್ತಿದ್ದವಳು ನಾನು ಕಂಡಂತೆ ಅಮ್ಮ ಒಬ್ಬಳೇ. ತಮ್ಮನಿಗೆ ಅಲ್ಲಿ ಪಂಪ್‌ಸೆಟ್ಟಿನ ಅಂಗಡಿ. ವಾರಕ್ಕೊಂದು ದಿನ ನನ್ನ ಅಂಗಡಿಗೆ ಬೀಗ ಹಾಕಿ, ಬೆಳಗಿನ ಬಸ್ಸು ಹಿಡಿದು ಹೋಗಿ, ಅಮ್ಮನ ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿ, ಸಂಜೆ ಬಸ್ಸಿಗೆ ವಾಪಸ್ ಬರುತ್ತಿದ್ದೆ. ಮಳೆ ಬರಲಿ, ಮದುವೆ ಸೀಸನ್ನಿನ ಬ್ಲೌಸುಗಳು ಕುತ್ತಿಗೆಯ ತನಕ ರಾಶಿ ಬೀಳಲಿ, ಅದನ್ನು ತಪ್ಪಿಸಿದವಳಲ್ಲ.

ಅಮ್ಮನಿಗೆ ಕಿವಿ ಹೋಗಿ ವರ್ಷಗಳಾಗಿದ್ದವು. ಎದುರು ಕೂತು ನಿಧಾನವಾಗಿ ಮಾತಾಡಿದರೆ ತುಟಿ ನೋಡಿ ಎಲ್ಲ ತಿಳಿಯುತ್ತಿದ್ದಳು, ಹೇಳದ್ದನ್ನೂ ತಿಳಿಯುತ್ತಿದ್ದಳು. ಫೋನಿನಲ್ಲಿ ಮಾತ್ರ ಒಂದಕ್ಷರ ಆಗುತ್ತಿರಲಿಲ್ಲ. ಒಮ್ಮೆ ತಮ್ಮ ವೀಡಿಯೋ ಕಾಲ್ ಮಾಡಿ ನನ್ನನ್ನು ತೋರಿಸಿದ್ದಕ್ಕೆ, ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಅಲ್ಲೆಂತಕ್ಕೆ ಕೂತಿದೀಯ, ಮನೆಗೆ ಬಾ" ಎಂದು ಗದರಿಸಿದ್ದಳು. ಹಾಗಾಗಿ ನಾನು ಹೋದರೆ ಮಾತು, ಇಲ್ಲದಿದ್ದರೆ ಇಲ್ಲ. ನನ್ನ ಕಾಯಿಲೆಯ ಕಾಲದಲ್ಲಿ ಎಲ್ಲರಿಗೂ ಅನುಕೂಲವಾದದ್ದು ಇದೇ.

ಮೊದಲ ಸಲ ನೋವು ಬಂದಾಗ ನಾನು ಲೈನಿಂಗ್ ಬಟ್ಟೆ ಕತ್ತರಿಸುತ್ತಿದ್ದೆ. ಗ್ಯಾಸ್ ಎಂದುಕೊಂಡು ಜೀರಿಗೆ ಕಷಾಯ ಕುಡಿದೆ. ಬೆವರು ನಿಲ್ಲಲಿಲ್ಲ. ಊರಿನ ಡಾಕ್ಟರು ಇಸಿಜಿ ತೆಗೆದವರೇ ಮುಖ ಗಂಟಿಕ್ಕಿ ಆಂಬ್ಯುಲೆನ್ಸಿಗೆ ಹೇಳಿದರು. ಆಗುಂಬೆ ಘಾಟಿಯನ್ನು ನಾನು ಜೀವಮಾನದಲ್ಲಿ ಮಲಗಿಕೊಂಡು ಇಳಿದದ್ದು ಅದೇ ಮೊದಲು. ಒಂದೊಂದು ತಿರುವಿಗೂ ಯಜಮಾನರು ನನ್ನ ಭುಜ ಹಿಡಿದು, "ಏನಾಗಲ್ಲ, ಏನಾಗಲ್ಲ" ಎನ್ನುತ್ತಿದ್ದರು. ಕೈಯ ಮಣಿಕಟ್ಟಿನಿಂದ ತಂತಿ ತೂರಿಸಿ ಸ್ಟೆಂಟ್ ಹಾಕಿದರು. ಪರದೆಯ ಮೇಲೆ ನನ್ನ ಹೃದಯದ ನರಗಳು ಕಾಣುತ್ತಿದ್ದವು. ಮಾಮೂಲಿ ದಾರದ ಉಂಡೆಯಂತೆ ಗೋಜಲಾಗಿದ್ದವು. ಇದನ್ನು ಬಿಡಿಸುವುದು ನನ್ನ ಕೈಯಲ್ಲಂತೂ ಆಗುತ್ತಿರಲಿಲ್ಲ.

ಮನೆಗೆ ಬಂದ ಮೇಲೆ ನಾನು ಕೇಳಿದ ಮೊದಲ ಮಾತು, "ಅಮ್ಮನಿಗೆ ಹೇಳಿದ್ರಾ?"

"ಹೇಳಿದೀವಿ" ಎಂದರು ಯಜಮಾನರು. "ನಿನ್ನ ತಮ್ಮ ಎದುರು ಕೂತು ಎಲ್ಲ ಹೇಳಿದಾನೆ. ದಿನಾ ದೇವರ ಮುಂದೆ ನಿನ್ನ ಹೆಸರಲ್ಲಿ ತುಪ್ಪದ ದೀಪ ಹಚ್ತಾರಂತೆ. ಹುಷಾರಾದ ಮೇಲೇ ಬರ್ಲಿ ಅಂದಿದಾರೆ."

ತುಪ್ಪದ ವಿಷಯದಲ್ಲಿ ಅಮ್ಮನ ಕೈ ಬಹಳ ಬಿಗಿ. ಆ ಬಿಗಿ ಕೈಯವಳು ನನಗಾಗಿ ದಿನವೂ ತುಪ್ಪ ಸುರಿಯುತ್ತಿದ್ದಾಳೆ ಎಂದುಕೊಂಡು ಸುಖಪಟ್ಟೆ. ಸುಳ್ಳು ಹೇಳುವವರು ಇಷ್ಟು ಚೆನ್ನಾಗಿ, ಇಷ್ಟು ವಿವರವಾಗಿ ಹೇಳುತ್ತಾರೆಂದು ಯಾರಿಗೆ ಗೊತ್ತು.

ಬಸ್ಸಿನ ಕುಲುಕಾಟ ಸದ್ಯಕ್ಕೆ ಬೇಡ ಎಂದು ಡಾಕ್ಟರು ಹೇಳಿದ್ದು ನಿಜ. ನಾನು ಆ ಗಡುವು ಮುಗಿಯುವುದನ್ನೇ ಕಾಯುತ್ತಿದ್ದೆ. ಮಾತ್ರೆ ನುಂಗುವುದು, ಉಪ್ಪಿಲ್ಲದ ಸಾರು ಕುಡಿಯುವುದು, ಅಂಗಳದಲ್ಲಿ ನಡೆಯುವುದು, ಎಲ್ಲ ಮಾಡಿದ್ದು ಒಂದೇ ಆಸೆಗೆ: ಎದ್ದು ಎನ್.ಆರ್. ಪುರಕ್ಕೆ ಹೋಗಬೇಕು, ಅಮ್ಮನ ಎದುರು ಕೂರಬೇಕು. ಬದುಕುವ ಆಸೆ ಎಂದು ದೊಡ್ಡ ಮಾತಾಡುತ್ತಾರಲ್ಲ, ನನ್ನದು ಆಗ ಅಷ್ಟೇ ಉದ್ದವಿತ್ತು. ಗಡುವು ಮುಗಿಯುವ ಮೊದಲೇ ನೋವು ಮತ್ತೆ ಬಂತು.

ಎರಡನೆಯ ಸಲ ತೊಡೆಯ ಸಂದಿಯಿಂದ ತಂತಿ ಹಾಕಿದರು. ಅದು ಸುಸೂತ್ರವಾಗಲಿಲ್ಲ. ತೂತು ಮಾಡಿದ ಜಾಗದಲ್ಲಿ ಒಳಗೇ ರಕ್ತ ಸೋರಿ, ಕಾಲು ಬಾತು ಕಪ್ಪಾಗಿ, ಐಸಿಯುವಿನಲ್ಲಿ ಬಹಳ ದಿನ ಇರಿಸಿಕೊಂಡರು. ಕಾಲು ಮಡಚುವಂತಿಲ್ಲ, ಮಗ್ಗುಲಾಗುವಂತಿಲ್ಲ. ತೊಡೆಯ ಮೇಲೆ ಭಾರದ ಚೀಲ ಇಟ್ಟು, "ಅಲುಗಾಡ್ಬೇಡಿ ಅಮ್ಮಾ" ಎಂದು ನರ್ಸು ಹುಡುಗಿಯರು ಹೋಗುತ್ತಾ ಬರುತ್ತಾ ಹೇಳುತ್ತಿದ್ದರು. ಯಜಮಾನರು ಒಂದೆರಡು ದಿನ ಕಾಣಲೇ ಇಲ್ಲ. ಊರಲ್ಲಿ ಏನೋ ಕೆಲಸವಿತ್ತೆಂದು ಅವರ ಅಣ್ಣನ ಮಗ ಬಂದು ಕೂತಿದ್ದ. ಯಜಮಾನರು ವಾಪಸ್ ಬಂದವರು ಶೃಂಗೇರಿಯ ಕುಂಕುಮ ತಂದು ನನ್ನ ಹಣೆಗೆ ಹಚ್ಚಿದರು.

ವಾರ್ಡಿಗೆ ಹಾಕಿದ ಮೇಲೆ ತಮ್ಮ ಬಂದ. ಬಿಸಿಲ ಹೊತ್ತಿನಲ್ಲಿ ತಲೆಗೆ ಮಂಕಿ ಕ್ಯಾಪ್ ಹಾಕಿಕೊಂಡಿದ್ದ. ನನ್ನ ತಮ್ಮ ಕೂದಲಿನ ಹುಚ್ಚಿನವನು. ಐವತ್ತು ದಾಟಿದರೂ ಜೇಬಲ್ಲಿ ಬಾಚಣಿಗೆ ಇಟ್ಟುಕೊಂಡು ಕಂಡಕಂಡ ಕನ್ನಡಿಗೆ ಇಣುಕುವವನು. "ಎಂತದೋ ಅದು ವೇಷ, ತೆಗಿ" ಎಂದೆ. ಅವನು ತೆಗೆಯಲಿಲ್ಲ. ಮಂಚದ ಹತ್ತಿರ ಬಗ್ಗಿದಾಗ ನಾನೇ ಎಳೆದೆ. ನುಣ್ಣಗೆ ಬೋಳಿಸಿದ ತಲೆ. ಮೀಸೆಯೂ ಇರಲಿಲ್ಲ.

ನಾನು ಏನಾದರೂ ಕೇಳುವ ಮೊದಲೇ ಯಜಮಾನರು ಮಾತು ಹಿಡಿದರು. "ನಿನಗೆ ಜೋರಾದಾಗ ತಿರುಪತಿಗೆ ಹರಕೆ ಹೊತ್ತಿದ್ದ ಮಾರಾಯ್ತಿ. ಹೋಗಿ ಮುಡಿ ಕೊಟ್ಟು ಬಂದಿದಾನೆ. ನಿನಗೆ ಹೇಳ್ಬೇಡಿ ಅಂದಿದ್ದ."

ತಮ್ಮನ ಕಣ್ಣಲ್ಲಿ ನೀರು ಸುರಿಯತೊಡಗಿತು. ನಾನೂ ಅತ್ತೆ. ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಕಾಯುತ್ತೇನೆಂದು ಹೊರಗೇ ನಿಲ್ಲುವ ಜಾತಿಯವನು ಅವನು. ಅಂಥವನು ನನಗಾಗಿ ಬೆಟ್ಟ ಹತ್ತಿ ಕೂದಲು ಕೊಟ್ಟಿದ್ದ. ಪಕ್ಕದ ಹಾಸಿಗೆಯಲ್ಲಿ ಕುಂದಾಪುರದ ಕಡೆಯ ಹೆಂಗಸೊಬ್ಬರಿದ್ದರು, ಅವರಿಗೂ ಸ್ಟೆಂಟ್ ಆಗಿತ್ತು. "ಎಂತ ಪುಣ್ಯ ಮಾರಾಯ್ರೆ ನಿಮ್ದು. ನನ್ನ ತಮ್ಮಂದಿರು ಫೋನು ಸಹ ಮಾಡ್ಲಿಲ್ಲ" ಎಂದರು. ನನಗೆ ಹೆಮ್ಮೆಯಾಯಿತು.

"ಮೀಸೆನೂ ಕೊಟ್ಯೇನೋ?" ಎಂದೆ.

"ಹ್ಞೂಂ."

"ಲಾಡು ಎಲ್ಲಿ?"

ಅವನು ಯಜಮಾನರ ಮುಖ ನೋಡಿದ. "ನಿನಗೆ ಶುಗರ್ ಅಲ್ವಾ" ಎಂದರು ಯಜಮಾನರು. "ನಾನೇ ಬೇಡ ಅಂದೆ."

"ಅಮ್ಮ ನಿನ್ನ ತಲೆ ನೋಡಿ ಎಂತ ಅಂದ್ಲು?"

ತಮ್ಮ ಎದ್ದ. ಕಾಫಿ ತರುತ್ತೇನೆಂದು ಹೋದವನು ಬಹಳ ಹೊತ್ತು ಬರಲೇ ಇಲ್ಲ. ಬಂದಾಗ ಕೈಯಲ್ಲಿ ಕಾಫಿಯೂ ಇರಲಿಲ್ಲ. ಅಕ್ಕನ ಕಾಲಿನ ಅವಸ್ಥೆ ಕಂಡು ಕರಗಿದ್ದಾನೆ ಎಂದುಕೊಂಡೆ. ಅವನ ಬೋಳು ತಲೆಯ ಮೇಲೆ ಕೈಯಾಡಿಸಿ ಸಮಾಧಾನ ಮಾಡಿದವಳು ನಾನು.

ಆಮೇಲೆ ಆ ತಲೆಯ ಕಥೆಯನ್ನು ಎಷ್ಟು ಜನಕ್ಕೆ ಹೇಳಿದ್ದೇನೋ. ನರ್ಸುಗಳಿಗೆ, ಊಟ ತರುವವರಿಗೆ, ಕೊಪ್ಪಕ್ಕೆ ವಾಪಸ್ ಬಂದ ಮೇಲೆ ನೋಡಲು ಬಂದವರಿಗೆಲ್ಲ. ಅಳತೆ ಬ್ಲೌಸ್ ಹಿಡಿದು ಬಂದ ಗಿರಾಕಿಗಳೂ ಕೇಳಿದ್ದಾರೆ. ಯಾರೂ ಎದುರು ಮಾತಾಡಲಿಲ್ಲ. ಕೆಲವರು ಸೀರೆಯ ಸೆರಗನ್ನು ಸರಿಮಾಡಿಕೊಂಡರು, ಕೆಲವರು "ಹೌದಾ" ಎಂದು ಕಿಟಕಿಯ ಆಚೆ ನೋಡಿದರು. ನನ್ನ ತಮ್ಮನಂಥ ತಮ್ಮ ತಮಗಿಲ್ಲವಲ್ಲ ಎಂದು ಹೊಟ್ಟೆಯುರಿ ಇರಬೇಕು ಎಂದು ನಾನು ಒಳಗೊಳಗೇ ನಕ್ಕಿದ್ದೆ.

ಅಮ್ಮನಿಂದ ಬರುವುದು ಬರುತ್ತಲೇ ಇತ್ತು. ಅವಳು ಹತ್ತಿ ಹೊಸೆದು ಹೂಬತ್ತಿ ಮಾಡುವವಳು. ನನ್ನ ದೇವರಿಗೆ ಬೇಕಾದ ಬತ್ತಿಯೆಲ್ಲ ಅವಳದೇ. ನಾನು ಹೋಗದೆ ಇದ್ದದ್ದಕ್ಕೆ ತಮ್ಮ ಪೊಟ್ಟಣ ಕಟ್ಟಿ ತಂದುಕೊಡುತ್ತಿದ್ದ, "ಅಮ್ಮ ಕೊಟ್ಟಿದಾಳೆ" ಎಂದು. ಒಂದು ಸಲದ ಪೊಟ್ಟಣದಲ್ಲಿ ಬತ್ತಿಗಳು ದಪ್ಪ ದಪ್ಪ ಇದ್ದವು, ತುದಿ ಕೂಡಿರಲಿಲ್ಲ. ದಿನವೂ ದಾರ ಮುಟ್ಟುವ ಕೈ ನನ್ನದು, ಕೂಡಲೇ ತಿಳಿಯಿತು. "ಅಮ್ಮನ ಕೈ ಸೋತಿದೆ ನೋಡಿ" ಎಂದು ಯಜಮಾನರಿಗೆ ತೋರಿಸಿದೆ. "ಒಂದ್ಸಲ ಕರ್ಕೊಂಡು ಹೋಗಿ. ಕಾರು ಮಾಡಿ. ನಿಧಾನ ಹೋದ್ರೆ ಆಯ್ತು."

"ರಸ್ತೆ ಹೊಂಡ ಬಿದ್ದು ಹೋಗಿದೆ" ಎಂದರು.

ಆ ವರ್ಷ ಎನ್.ಆರ್. ಪುರದ ರಸ್ತೆಯ ಹೊಂಡಗಳು ತುಂಬಲೇ ಇಲ್ಲ. ದೀಪಾವಳಿಗೆ ತಮ್ಮ ನನ್ನನ್ನು ಕರೆಯಲೂ ಬರಲಿಲ್ಲ, ಅಂಗಡಿಯಲ್ಲಿ ಕೆಲಸ ಎಂದ. ಹಬ್ಬ ಮಾಡಿದಿರಾ ಎಂದು ಕೇಳಿದ್ದಕ್ಕೆ, "ಸಣ್ಣದಾಗಿ ಮಾಡಿದ್ವಿ" ಎಂದ.

ಹಬ್ಬ ಕಳೆದ ಮೇಲೆ ಮೂರನೆಯದು. ಹಾಕಿದ ಸ್ಟೆಂಟಿನೊಳಗೇ ಮತ್ತೆ ಕಟ್ಟಿಕೊಂಡಿತ್ತು. ಇನ್ನು ತಂತಿಯ ಕೆಲಸ ಸಾಲದು, ಎದೆ ತೆರೆದು ಬೈಪಾಸ್ ಮಾಡಬೇಕು, ಕಾಲಿನ ನರ ತೆಗೆದು ಹೃದಯಕ್ಕೆ ಜೋಡಿಸುತ್ತೇವೆ ಎಂದರು ಡಾಕ್ಟರು. ಜೀವಕ್ಕೆ ಅಪಾಯ ಇಲ್ಲವೇ ಎಂದು ಕೇಳಿದೆ. ಇಲ್ಲ ಎಂದು ಹೇಳಲು ಬರುವುದಿಲ್ಲ ಎಂದರು. ನನಗೆ ಆ ಮನುಷ್ಯ ಇಷ್ಟವಾದದ್ದು ಆಗ.

ನಾನು ಹಟ ಹಿಡಿದೆ. "ಅಮ್ಮನ ಮುಖ ನೋಡಿ ಬರ್ತೀನಿ, ಆಮೇಲೆ ಮಲಗ್ತೀನಿ. ಅಲ್ಲಿ ತನಕ ಯಾರೂ ನನ್ನ ಎದೆ ಮುಟ್ಟದು ಬೇಡ."

ಯಜಮಾನರೂ ತಮ್ಮನೂ ವರಾಂಡಕ್ಕೆ ಹೋಗಿ ಮಾತಾಡಿಕೊಂಡು ಬಂದರು. ತಮ್ಮ ಗೋಡೆಗೆ ಒರಗಿ ನಿಂತ. ಯಜಮಾನರು ನನ್ನ ಎರಡೂ ಕೈ ಹಿಡಿದುಕೊಂಡರು. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾಲ್ಕು ಜನರ ಎದುರು ಅವರು ಹಾಗೆ ಕೈ ಹಿಡಿದವರಲ್ಲ.

"ಈಗ ಅಲ್ಲಿಗೆ ಹೋಗಿ, ಅಲ್ಲೇ ಏನಾದ್ರೂ ಆದ್ರೆ ಆ ವಯಸ್ಸಲ್ಲಿ ಅವರು ತಡ್ಕೊಳ್ತಾರಾ ಹೇಳು" ಎಂದರು. "ನೀನು ಆಪರೇಶನ್ ಆಗಿ ಎದ್ದು ಬಾ. ನಾನೇ ಕರ್ಕೊಂಡು ಹೋಗಿ ಅವರ ಎದುರು ಕೂರಿಸ್ತೀನಿ. ನನ್ನ ಮಾತು ನಂಬು."

ನಂಬಿದೆ. ನಂಬದೆ ಏನು ಮಾಡಲಿ, ಅವರು ನನಗೆ ಅಲ್ಲಿಯವರೆಗೆ ಸುಳ್ಳು ಹೇಳಿದ್ದು ನಾನು ಕಂಡಿರಲಿಲ್ಲ.

ಬೈಪಾಸ್ ಆದ ಮೇಲಿನ ದಿನಗಳನ್ನು ಹೇಗೆ ಹೇಳುವುದು. ಎಚ್ಚರವಾದಾಗ ಬಾಯೊಳಗೆ ಕೊಳವೆ, ಎದೆಯ ಮೇಲೆ ಯಾರೋ ಅರೆಯುವ ಕಲ್ಲು ಇಟ್ಟು ಮರೆತು ಹೋದ ಹಾಗೆ. ಕೆಮ್ಮು ಬಂದರೆ ಜೀವ ಹೋಗಿ ಬರುತ್ತಿತ್ತು. ದಿಂಬನ್ನು ಎದೆಗೆ ಅವಚಿಕೊಂಡು ಕೆಮ್ಮಬೇಕು ಎಂದು ಕಲಿಸಿದರು. ಮೂರು ಚೆಂಡುಗಳಿರುವ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟರು, ನಳಿಗೆಯಲ್ಲಿ ಉಸಿರೆಳೆದರೆ ಚೆಂಡು ಮೇಲೇಳಬೇಕು. ಮೊದಲ ದಿನ ಒಂದು ಚೆಂಡೂ ಅಲುಗಲಿಲ್ಲ. ಎದೆಯ ಕಟ್ಟು ಬಿಚ್ಚಿದಾಗ ಹೊಲಿಗೆ ನೋಡಿದೆ. ಗಂಟಲ ಕೆಳಗಿಂದ ಹೊಟ್ಟೆಯ ಮೇಲಿನ ತನಕ ನೆಟ್ಟಗೆ, ಸಮವಾಗಿ ಇತ್ತು. ಕಾಲಿನದು ಮಾತ್ರ ಯಾರೋ ಕಲಿಯುವವರು ಹಾಕಿದಂತಿತ್ತು. ನನ್ನ ಅಂಗಡಿಯಲ್ಲಾಗಿದ್ದರೆ ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದೆ. ಇದನ್ನು ಹೇಳಿದ್ದಕ್ಕೆ ದೊಡ್ಡ ಡಾಕ್ಟರು ನಕ್ಕು, "ನೀವು ಉಳ್ಕೊಂಡ್ರಿ ಬಿಡಿ" ಎಂದರು.

ಆ ಡಬ್ಬಿಯ ಚೆಂಡುಗಳನ್ನು ನಾನು ಎಬ್ಬಿಸಿದ್ದು ಅಮ್ಮನ ಹೆಸರು ಹೇಳಿ. ಒಂದು ಚೆಂಡು ಎದ್ದರೆ ಕೊಪ್ಪ, ಎರಡು ಎದ್ದರೆ ಬಸ್ಸು ಹತ್ತಿದ ಹಾಗೆ, ಮೂರೂ ಎದ್ದರೆ ಅಮ್ಮನ ಜಗುಲಿ ಎಂದು ಲೆಕ್ಕ ಇಟ್ಟುಕೊಂಡಿದ್ದೆ. ಯಜಮಾನರಿಗೆ ಈ ಲೆಕ್ಕ ಹೇಳಿದ್ದೆ. ಮೂರನೆಯ ಚೆಂಡು ಎದ್ದ ದಿನ ಅವರನ್ನು ಕೂಗಿ ಕರೆದು ತೋರಿಸಿದೆ. ಅವರು ನೋಡಿ, ಕನ್ನಡಕ ತೆಗೆದು ಒರೆಸಿಕೊಂಡು, "ಭೇಷ್" ಎಂದರು. ಎಲ್ಲ ಗೊತ್ತಿದ್ದ ಆ ಮನುಷ್ಯನಿಗೆ ಭೇಷ್ ಎನ್ನಲು ಬಾಯಿ ಹೇಗೆ ಬಂತು ಎಂದು ನಾನು ಈಗಲೂ ಯೋಚಿಸುತ್ತೇನೆ.

ಮನೆಗೆ ಬಂದ ಮೇಲೆ ಮತ್ತೆ ಅದೇ ರಾಗ. ಎದೆಯ ಮೂಳೆ ಕೂಡಬೇಕು, ಹೊಂಡ, ಚಳಿ, ಮುಂದಿನ ವಾರ. ಕೊನೆಗೆ ನಾನು ಬೇರೆ ದಾರಿ ಹಿಡಿದೆ. ಮೊದಲು ಶೃಂಗೇರಿಗೆ ಹೋಗಿ ದೇವಿಗೆ ಒಂದು ಸೀರೆ ಕೊಟ್ಟು ಬರೋಣ, ಜೀವ ಉಳಿಸಿದ್ದಾಳೆ ಎಂದೆ. ಅದಕ್ಕೆ ಯಜಮಾನರು ತಕ್ಷಣ ಒಪ್ಪಿದರು. ಶೃಂಗೇರಿಯ ರಸ್ತೆಯಲ್ಲಿ ಹೊಂಡ ಇರಲಿಲ್ಲವೆಂದು ಕಾಣುತ್ತದೆ.

ಸೀರೆ ಕೊಟ್ಟು, ಮಂಗಳಾರತಿ ತೆಗೆದುಕೊಂಡು, ಊಟದ ಸಾಲಿನಲ್ಲಿ ನಿಂತಿದ್ದೆವು. ಯಜಮಾನರು ನೀರು ತರಲು ಹೋದರು. ನನ್ನ ಹಿಂದೆ ನಿಂತಿದ್ದ ವಯಸ್ಸಾದ ಹೆಂಗಸು ನನ್ನ ತೋಳು ಮುಟ್ಟಿದರು. ನೋಡಿದರೆ ಅಮ್ಮನ ಬೀದಿಯವರು. ಎರಡು ಮನೆಯಾಚೆ ಇದ್ದು, ಈಚೆಗೆ ಶೃಂಗೇರಿಯಲ್ಲಿ ಮಗಳ ಜೊತೆ ಇದ್ದವರು. ನನ್ನ ಆರೋಗ್ಯ ವಿಚಾರಿಸಿದರು. ಮೂರು ಸಲ ಆಯ್ತು, ಈಗ ಪರವಾಗಿಲ್ಲ ಎಂದೆ. ಹೇಳಿದ ಮೇಲೆ ಬಾಯಿ ಸುಮ್ಮನಿರುತ್ತದೆಯೇ. "ನನ್ನ ತಮ್ಮ ತಿರುಪತಿಗೆ ಮುಡಿ ಕೊಟ್ಟ ನನಗೋಸ್ಕರ. ಅವನ ಹರಕೆಯಿಂದ ಉಳ್ಕೊಂಡೆ" ಎಂದೆ.

ಅವರು ಹುಬ್ಬು ಗಂಟಿಕ್ಕಿದರು. "ಯಾವಾಗ ಕೊಟ್ಟ? ಶ್ರಾವಣದಲ್ಲಿ ತಲೆ ತೆಗ್ಸಿದ್ದು ಅಮ್ಮನ ಕರ್ಮಕ್ಕಲ್ವಾ? ನಾನು ವೈಕುಂಠದ ಊಟಕ್ಕೆ ಹೋಗಿದ್ದೆ."

ಸಾಲು ಮುಂದಕ್ಕೆ ಹೋಯಿತು. ನಾನು ಹೋಗಲಿಲ್ಲ. ಅವರು ನನ್ನ ಮುಖ ನೋಡಿ, ಬಾಯಿಗೆ ಸೆರಗು ಒತ್ತಿಕೊಂಡು, "ನಿಂಗೆ ಗೊತ್ತಿರ್ಲಿಲ್ವೇನೇ" ಎಂದರು. ಅವರೇ ಅಳತೊಡಗಿದರು. ನೀರಿನ ಲೋಟ ಹಿಡಿದು ಬಂದ ಯಜಮಾನರು ನಮ್ಮಿಬ್ಬರನ್ನೂ ನೋಡಿ ಅಲ್ಲೇ ನಿಂತರು. ಅವರು ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ನನಗೆ ಅದೇ ಸಾಕಾಯಿತು.

ಸಾವಿನ ಸುದ್ದಿ ಕೇಳಿದ ಕೂಡಲೇ ಉಟ್ಟ ಬಟ್ಟೆಯಲ್ಲಿ ಸ್ನಾನ ಮಾಡಬೇಕು, ಅದು ನಮ್ಮಲ್ಲಿ ಕ್ರಮ. ನಾನು ತುಂಗೆಯ ಮೆಟ್ಟಿಲಿಳಿದೆ. ಯಜಮಾನರು ಹಿಂದೆಯೇ ಓಡಿಬಂದರು. "ನೀರು ತಣ್ಣಗಿದೆ ಮಾರಾಯ್ತಿ, ನಿನ್ನ ಹಾರ್ಟು ತಡಿಯಲ್ಲ. ಬೇಡ. ಡಾಕ್ಟರು ನಿನಗೆ ಶಾಕ್ ಆಗ್ಬಾರ್ದು ಅಂದಿದ್ರು. ಅದಕ್ಕೇ ನಾವು..."

"ಶಾಕ್ ಆಗ್ಬಾರ್ದು ಅಂದ್ರು. ಅಮ್ಮನ ಎದುರು ಕೂರಿಸ್ತೀನಿ ಅಂತ ಕೈ ಹಿಡಿದು ಹೇಳಿ ಅಂದ್ರಾ?"

ನಾನು ಸೊಂಟದ ತನಕ ಇಳಿದು ಮುಳುಗಿದೆ. ಎದೆಯ ಹೊಲಿಗೆ ಚಳಿಗೆ ಬಿಗಿದುಕೊಂಡಿತು. ಸಾಯಲಿಲ್ಲ. ಅವರು ಇಷ್ಟು ತಿಂಗಳು ಹೆದರಿದ ಆಘಾತ ಬಂದು ನನ್ನ ತಲೆಯ ಮೇಲೇ ಕೂತಿತ್ತು, ಮತ್ತು ನನ್ನ ಹೃದಯ ಸರಿಯಾಗಿ ಹೊಡೆದುಕೊಳ್ಳುತ್ತಿತ್ತು. ಅಷ್ಟು ಗಟ್ಟಿಯಿತ್ತು ಅದು. ಶ್ರಾವಣದಲ್ಲೂ ಗಟ್ಟಿಯಿರುತ್ತಿತ್ತೋ ಏನೋ. ಯಾರೂ ಕೇಳಿ ನೋಡಲಿಲ್ಲ.

ಬಟ್ಟೆ ಬದಲಿಸಿ, ಕಾರು ಮಾಡಿಸಿ, ಸೀದಾ ಎನ್.ಆರ್. ಪುರಕ್ಕೆ ನಡೆಯಿರಿ ಎಂದೆ. ಕೊಪ್ಪ ಬಂತು, ದಾಟಿತು. ಕೊಪ್ಪದ ಬೀದಿಯಲ್ಲಿ ಕಂಡ ಒಂದೊಂದು ಮುಖವೂ ನನಗೆ ಹೇಳದೆ ಇದ್ದ ಮುಖ. ಹೂವಿನವಳು, ಮೆಡಿಕಲ್ ಶಾಪಿನವನು, ಕಿಟಕಿಯ ಆಚೆ ನೋಡಿದ ನನ್ನ ಗಿರಾಕಿಗಳು. ಇಡೀ ಊರು ಸೇರಿ ನನ್ನನ್ನು ಸಣ್ಣ ಮಗುವಿನಂತೆ ಆಡಿಸಿತ್ತು, ನಾನು ಅವರಿಗೆಲ್ಲ ತಮ್ಮನ ಮುಡಿಯ ಕಥೆ ಹೇಳಿದ್ದೆ. ನಾಚಿಕೆಯಲ್ಲಿ ಮೈ ಬೆಂದುಹೋಯಿತು.

ತಮ್ಮ ಅಂಗಡಿಯಿಂದ ಮನೆಗೆ ಬಂದು ಕಾಯುತ್ತಿದ್ದ, ಯಜಮಾನರು ಫೋನು ಮಾಡಿರಬೇಕು. ಕೂದಲು ಬೆಳೆದು ಬಾಚಿಕೊಂಡಿದ್ದ. ನನ್ನ ಕಾಲು ಹಿಡಿಯಲು ಬಂದ, ನಾನು ಕಾಲು ಹಿಂದೆ ಎಳೆದುಕೊಂಡೆ. ಅಮ್ಮನ ಮಂಚ ಇದ್ದ ಜಾಗದಲ್ಲಿ ಪಂಪಿನ ರಟ್ಟಿನ ಡಬ್ಬಿಗಳಿದ್ದವು. ಬತ್ತಿ ಹೊಸೆದವರು ಯಾರು ಎಂದು ಕೇಳಿದೆ. "ನಾನೇ ಅತ್ತಿಗೆ" ಎಂದಳು ತಮ್ಮನ ಹೆಂಡತಿ. ತಮ್ಮ ಕೂತು ಒಂದೇ ಸಮ ಹೇಳತೊಡಗಿದ. ನೀನು ಐಸಿಯುನಲ್ಲಿದ್ದೆ, ಭಾವ ಹೇಳಿದ್ರು, ನಾನು ಒಂದು ಮಾತು ಶುರು ಮಾಡಿದ್ದು ನಿಲ್ಸಕ್ಕೆ ಆಗ್ಲಿಲ್ಲ. ನಾನು ಕೇಳಿದ್ದು ಅದಲ್ಲ.

"ಅಮ್ಮನಿಗೆ ನನ್ನ ಹಾರ್ಟಿನ ವಿಷಯ ಹೇಳಿದಾಗ ಎಂತ ಅಂದ್ಲು? ಅದು ಹೇಳು."

ತಮ್ಮ ಬಾಗಿಲ ಕಡೆ ನೋಡಿದ. ಅವನ ಹೆಂಡತಿ ಬಾಗಿಲ ಹತ್ತಿರ ನಿಂತಿದ್ದಳು. ಅವಳೇ ಬಾಯಿಬಿಟ್ಟಳು.

"ಅತ್ತೆಗೆ ಹೇಳಿರ್ಲಿಲ್ಲ ಅತ್ತಿಗೆ. ವಯಸ್ಸಾದವರು, ಮಗಳಿಗೆ ಹಾರ್ಟು ಅಂದ್ರೆ ತಡ್ಕೊಳಲ್ಲ ಅಂತ ಇವರು ಬೇಡ ಅಂದ್ರು. ವಾರ ವಾರ ಬರೋರು ಎಂತಕ್ಕೆ ಬರ್ಲಿಲ್ಲ ಅಂತ ದಿನಾ ಕೇಳ್ತಿದ್ರು. ಅದಕ್ಕೆ... ನೀವು ಭಾವನ ಜೊತೆ ಕಾಶಿಗೆ ಹೋಗಿದೀರ ಅಂದಿದ್ವಿ."

ತುಪ್ಪದ ದೀಪ ಹಚ್ಚುತ್ತಾರೆ ಎಂದಿದ್ದ ಯಜಮಾನರು ನನ್ನ ಹಿಂದೆಯೇ ಕೂತಿದ್ದರು. ನಾನು ತಿರುಗಿ ನೋಡಲಿಲ್ಲ.

"ಮೊದ್ಲು ಬಹಳ ಖುಷಿ ಪಟ್ರು" ಎಂದಳು ಅವಳು. "ಬೀದಿಗೆಲ್ಲ ಹೇಳ್ಕೊಂಡು ಬಂದ್ರು, ಮಗಳು ಕಾಶಿಗೆ ಹೋಗಿದಾಳೆ ಅಂತ. ಗಂಗೆ ತರ್ತಾಳೆ ಅಂದ್ರು. ಆಮೇಲೆ ನಿಮ್ಗೆ ಎರಡನೇ ಸಲ ಆಯ್ತು. ಕಾಶಿಯಿಂದ ಬದರಿಗೆ ಹೋದ್ರು ಅಂತ ನಾವು ಮುಂದಕ್ಕೆ ಹಾಕಿದ್ವಿ. ಅಷ್ಟರಲ್ಲಿ ಅತ್ತೆಗೆ ಜ್ವರ ಬಂತು, ಎದೆ ಕಟ್ಟಿತು. ಊಟ ಬಿಟ್ರು. ಡಾಕ್ಟರು ಮನೆಗೆ ಬಂದು ನೋಡಿ, ಇನ್ನು ಕಷ್ಟ ಅಂದ್ರು. ದೇವರ ಮನೇಲಿ ಹಳೇ ಗಂಗೆಯ ಗಿಂಡಿ ಇತ್ತಲ್ಲ, ಅದನ್ನ ಒಡೆದು ಬಾಯಿಗೆ ಬಿಡಣ ಅಂತ ಇವರು ತಂದ್ರೆ, ಕೈಯಲ್ಲಿ ತಳ್ಳಿದ್ರು. ಅದು ಬೇಡ, ಮಗಳು ತರೋದು ಬರ್ಲಿ ಅಂದ್ರು."

ಅವಳು ಅಳುತ್ತಿದ್ದಳು. ನಿಲ್ಲಿಸು ಎಂದು ತಮ್ಮ ಕೈ ಸನ್ನೆ ಮಾಡಿದ. ನಾನು "ಹೇಳು" ಎಂದೆ.

"ಇವರು ಶೃಂಗೇರಿಗೆ ಬೈಕಲ್ಲಿ ಹೋಗಿ, ಅಲ್ಲಿ ಅಂಗಡೀಲಿ ಬೆಸುಗೆ ಹಾಕಿದ ಹೊಸ ಗಿಂಡಿ ತಂದ್ರು. ಎದುರು ಹಿಡಿದು, ಅಕ್ಕ ಬಂದ್ಲು, ತಂದ್ಲು ನೋಡು ಅಂದ್ರು. ಅತ್ತೆಗೆ ಎಷ್ಟೋ ದಿನದಿಂದ ಇಲ್ಲದ ಶಕ್ತಿ ಬಂತು ಅತ್ತಿಗೆ, ಮೊಣಕೈ ಊರಿ ಎದ್ದು ಬಾಗಿಲ ಕಡೆ ನೋಡಿದ್ರು. ಎಲ್ಲಿ ಅಂದ್ರು. ಸುಸ್ತಾಗಿದೆ, ಕೊಪ್ಪದಲ್ಲಿ ಮಲಗಿದಾರೆ, ನಾಳೆ ಬರ್ತಾರೆ ಅಂದ್ವಿ. ಅಷ್ಟು ದೂರ ಹೋಗಿ ಬಂದವಳಿಗೆ ಇಲ್ಲಿಗೆ ಬರಕ್ಕೆ ಸುಸ್ತಾಯ್ತಾ ಅಂದ್ರು. ಆಮೇಲೆ ಮಾತಾಡ್ಲಿಲ್ಲ. ಬಾಯೂ ತೆಗೀಲಿಲ್ಲ. ಬಿಟ್ಟ ನೀರೆಲ್ಲ ಕೆನ್ನೆ ಮೇಲೆ ಇಳಿದು ಹೋಯ್ತು."

ಅದೇ ದಿನ ನಾನು ಘಟ್ಟದ ಕೆಳಗೆ ಕಾಲ ಮೇಲೆ ಭಾರದ ಚೀಲ ಇಟ್ಟುಕೊಂಡು ಮಲಗಿದ್ದೆ. ಯಾವಾಗ ಬಿಡುತ್ತೀರಿ, ನನಗೆ ಅಮ್ಮನನ್ನು ನೋಡಬೇಕು ಎಂದು ನರ್ಸುಗಳ ಜೀವ ತಿನ್ನುತ್ತಿದ್ದೆ.

ಒಳ್ಳೆಯದಕ್ಕೇ ಮಾಡಿದರು, ಬಿಟ್ಟುಬಿಡು ಎಂದು ಈಗ ಎಲ್ಲರೂ ಹೇಳುತ್ತಾರೆ. ಯಜಮಾನರ ಜೊತೆ ಒಂದೇ ಮನೆಯಲ್ಲಿದ್ದೇನೆ, ಊಟಕ್ಕೆ ಬಡಿಸುತ್ತೇನೆ. ತಮ್ಮ ಬಂದರೆ ಬಾಗಿಲು ತೆಗೆಯುತ್ತೇನೆ. ನನಗೆ ಮಾಡಿದ್ದನ್ನು ಎಂದಾದರೂ ನುಂಗಿಕೊಂಡೇನು. ಅಮ್ಮನಿಗೆ ಮಾಡಿದ್ದನ್ನು ನುಂಗುವುದು ನನ್ನಿಂದ ಆಗುವುದಿಲ್ಲ. ನನ್ನ ಅಮ್ಮ ನನ್ನ ಮೇಲೆ ಮುನಿಸಿಕೊಂಡು ಸತ್ತಳು. ನಾನು ಇವತ್ತಿನವರೆಗೂ ಕಾಶಿ ನೋಡಿಲ್ಲ.